ಆಂಗ್ಲವಾಕ್ಯದ ಪದಕ್ರಮ: ಒಂದು ಐತಿಹಾಸಿಕ ವಿವೇಚನೆ

ಆಂಗ್ಲಭಾಷೆಯಲ್ಲಿ ‘ಪುಟ್ ಅಪ್ ವಿತ್ ಇಟ್’ ಎಂಬ ಒಂದು ನುಡಿಕಟ್ಟುಂಟು. ‘ಅದನ್ನು ಸಹಿಸಿಕೋ’ ಎಂಬುದು ಅದರ ಅರ್ಥ. ಇದರಲ್ಲಿ ‘ಪುಟ್’ ಎಂಬುದು ಕ್ರಿಯಾಪದ. ‘ಅಪ್’ ಎಂಬುದು ಕ್ರಿಯಾವಿಶೇಷಣ. ‘ವಿತ್’ ಎಂಬುದು ನಾಮಪದಕ್ಕೆ ಮೊದಲು ನಿಂತು ಸಂಬಂಧವನ್ನು ಸೂಚಿಸುವ ‘ಪ್ರಿಪೊಸಿಷನ್’ ಎಂಬ ಅವ್ಯಯ. ‘ಇಟ್’ ಎಂಬುದು ಸರ್ವನಾಮ. ಇಡು, ಮೇಲೆ, ಜೊತೆಗೆ, ಅದು ಎಂಬ ಬಿಡಿ ಅರ್ಥಗಳನ್ನು ಎಷ್ಟು ಕೂಡಿಸಿದರೂ ಸಹನೆಯ ಅರ್ಥ ಹೊರಡದು. ಇಂತಹ ಕೂಟಗಳು ಹೇಗೆ ಏರ್ಪಟ್ಟುವು, ಅವುಗಳ ಪದಕ್ರಮವನ್ನು ನಿರ್ಣಯಿಸಿದವರು ಯಾರು ಎಂಬ ಪ್ರಶ್ನೆ ವ್ಯಾಕರಣಕ್ಕೆ ಮಾತ್ರ ಸೇರಿದುದೆಂದು ತೋರಬಹುದು. ಆದರೆ ಇದು ಇತಿಹಾಸದ ಪ್ರಶ್ನೆಯೂ ಹೌದೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

1066ರ ನಾರ್ಮನ್ ವಿಜಯಕ್ಕೆ ಮುಂಚಿನ ಆಂಗ್ಲಭಾಷೆಯ ಸ್ವರೂಪವೇ ಬೇರೆ. ಆಗ ನಾಮಪದಗಳಿಗೆ ವಿಭಕ್ತಿಪ್ರತ್ಯಯಗಳಿದ್ದುವು. ಕರ್ತೃವಾವುದು, ಕರ್ಮವಾವುದು ಎಂಬುದನ್ನು ಬಹುಮಟ್ಟಿಗೆ ಪದದ ಕೊನೆಯೇ ತಿಳಿಸುತ್ತಿತ್ತು. ‘ರಾವಣನನ್ನು ರಾಮನು ಕೊಂದನು’ ಎಂದರೂ ಕನ್ನಡದಲ್ಲಿ ಅರ್ಥ ಕೆಡದಿರುವಂತೆ, ಆ ಭಾಷೆಯಲ್ಲಿಯೂ ಪದಗಳಿಗೆ ಸಾಕಷ್ಟು ಸ್ವಾತಂತ್ರ್ಯವಿತ್ತು. ಕ್ರಿಯೆಯ ಅರ್ಥವನ್ನು ಮಾರ್ಪಡಿಸಲು ಧಾತುವಿನ ಮೊದಲಲ್ಲಿ ಉಪಸರ್ಗವನ್ನು ಸೇರಿಸುವ ಪದ್ಧತಿ ಹೇರಳವಾಗಿತ್ತು. ಸಂಸ್ಕೃತದಲ್ಲಿ ಒಂದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರ ಎಂಬ ರೂಪಗಳು ಹುಟ್ಟುವುದನ್ನು ಇದಕ್ಕೆ ಹೋಲಿಸಬಹುದು. ‘ಎದುರಿಸಿ ನಿಲ್ಲು’ ಎಂಬರ್ಥದ ‘ವಿತ್‌ಸ್ಟ್ಯಾಂಡ್’ ಎಂಬ ಇಂದಿನ ಪದ ಆ ಪದ್ಧತಿಯ ಅವಶೇಷ. ‘ವಿತ್’ ಎಂಬುದಕ್ಕೆ ಹಿಂದೆ ಇದ್ದ ‘ಎದುರಾಗಿ’ ಎಂಬ ಅರ್ಥ ಅದರಲ್ಲಿ ಉಳಿದುಬಂದಿದೆ.

ಈ ವ್ಯವಸ್ಥೆ ಕ್ರಮೇಣ ಸಡಿಲವಾಯಿತು. ಪದಾಂತ್ಯದ ಸ್ವರಗಳು ಉಚ್ಚಾರಣೆಯಲ್ಲಿ ಕ್ಷೀಣಿಸಿದುವು. ಒಂಬತ್ತನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಡೇನರ ಸಂಪರ್ಕವೂ ಈ ಕ್ಷಯಕ್ಕೆ ನೆರವಾಯಿತೆಂದು ವಿದ್ವಾಂಸರಲ್ಲಿ ಹಲವರು ಅಭಿಪ್ರಾಯಪಡುತ್ತಾರೆ. ನಾರ್ಮನ್ನರ ಆಳ್ವಿಕೆಯಲ್ಲಿ ಆಸ್ಥಾನದ ಭಾಷೆ ಫ್ರೆಂಚ್ ಆದುದರಿಂದ ಹಳೆಯ ಬರವಣಿಗೆಯ ಶಿಸ್ತೂ ಕುಸಿಯಿತು. 1154ರವರೆಗೆ ಮುಂದುವರಿದ ಪೀಟರ್‌ಬರೋ ಮಠದ ವೃತ್ತಾಂತದಲ್ಲಿ ವಿಭಕ್ತಿಗಳ ಈ ಅವನತಿ ಸ್ಪಷ್ಟವಾಗಿ ಕಾಣುತ್ತದೆ. ಪ್ರತ್ಯಯ ಮಾಡುತ್ತಿದ್ದ ಕೆಲಸವನ್ನು ಇನ್ನು ಪದದ ಸ್ಥಾನವೂ ಪ್ರಿಪೊಸಿಷನ್ನೂ ಮಾಡಬೇಕಾಯಿತು. ಹಳೆಯ ಉಪಸರ್ಗಗಳು ಶಕ್ತಿಗುಂದಿದಂತೆಲ್ಲ ಅವುಗಳ ಹೊಣೆ ಕ್ರಿಯಾಪದದ ನಂತರ ನಿಲ್ಲುವ ‘ಅಪ್’, ‘ಔಟ್’, ‘ಆಫ್’ ಮೊದಲಾದ ಕ್ರಿಯಾವಿಶೇಷಣಗಳಿಗೆ ಬಂದಿತು. ವಿಭಕ್ತಿಭೇದವನ್ನು ಬಹುಮಟ್ಟಿಗೆ ಉಳಿಸಿಕೊಂಡುದು ಸರ್ವನಾಮವೊಂದೇ. ‘ಹೀ’, ‘ಹಿಮ್’ ಎಂಬ ರೂಪಗಳು ಇದಕ್ಕೆ ನಿದರ್ಶನ.

ಇದರಿಂದ ಒಂದು ಸೂಕ್ಷ್ಮ ನಿಯಮ ಏರ್ಪಟ್ಟಿತು. ‘ಸಭೆಯನ್ನು ಮುಂದೂಡು’ ಎನ್ನಲು ‘ಪುಟ್ ಆಫ್ ದಿ ಮೀಟಿಂಗ್’ ಎಂದೂ ಹೇಳಬಹುದು, ‘ಪುಟ್ ದಿ ಮೀಟಿಂಗ್ ಆಫ್’ ಎಂದೂ ಹೇಳಬಹುದು. ಸಭೆಯ ಬದಲು ಸರ್ವನಾಮ ಬಂದರೆ ‘ಪುಟ್ ಇಟ್ ಆಫ್’ ಎಂದೇ ಹೇಳಬೇಕು. ‘ಪುಟ್ ಆಫ್ ಇಟ್’ ಎಂದರೆ ದೋಷ. ಆದರೆ ‘ಲುಕ್ ಅಟ್ ಇಟ್’ ಎಂಬಲ್ಲಿ ‘ಅಟ್’ ಪ್ರಿಪೊಸಿಷನ್ ಆದುದರಿಂದ ಸರ್ವನಾಮ ಅದರ ನಂತರವೇ ನಿಲ್ಲುತ್ತದೆ. ಈ ನಿಯಮವನ್ನು ಯಾವ ಪಂಡಿತನೂ ವಿಧಿಸಿದುದಲ್ಲ. ಮಾತಿನಲ್ಲಿ ಒತ್ತಿಲ್ಲದ ಸಣ್ಣ ಪದ ಕ್ರಿಯಾಪದಕ್ಕೆ ಅಂಟಿಕೊಳ್ಳುವ ಸಹಜ ಪ್ರವೃತ್ತಿಯಿಂದ ಅದು ಬೆಳೆಯಿತು.

ಇದಕ್ಕೆ ವಿರುದ್ಧವಾದ ಚರಿತ್ರೆ ಇನ್ನೊಂದು ನಿಯಮದ್ದು. ಪ್ರಿಪೊಸಿಷನ್ನಿನಿಂದ ವಾಕ್ಯವನ್ನು ಮುಗಿಸಬಾರದೆಂದು ಅನೇಕ ಪಠ್ಯಪುಸ್ತಕಗಳು ಬೋಧಿಸಿವೆ. ಈ ವಿಧಿಗೆ ಕಾಲವೂ ಉಂಟು, ಕರ್ತೃಗಳೂ ಉಂಟು. ಕವಿ ಜಾನ್ ಡ್ರೈಡನ್ 1672ರಲ್ಲಿ ತನಗಿಂತ ಹಿಂದಿನವನಾದ ಬೆನ್ ಜಾನ್ಸನ್ನನ ಬರಹದಲ್ಲಿ ಇದನ್ನು ದೋಷವೆಂದು ಎತ್ತಿ ತೋರಿಸಿದನು. ನಾಟಕಕಾವ್ಯವನ್ನು ಕುರಿತು 1668ರಲ್ಲಿ ತಾನೇ ಪ್ರಕಟಿಸಿದ್ದ ಪ್ರಬಂಧವನ್ನು 1684ರಲ್ಲಿ ಪರಿಷ್ಕರಿಸುವಾಗ ಅಂತಹ ವಾಕ್ಯಗಳನ್ನು ತಿದ್ದಿದನು. ತನ್ನ ಆಂಗ್ಲವಾಕ್ಯದ ಸಾಧುತ್ವವನ್ನು ಅದನ್ನು ಲ್ಯಾಟಿನ್ನಿಗೆ ಪರಿವರ್ತಿಸಿ ಪರೀಕ್ಷಿಸುವುದುಂಟೆಂದು ಅವನೇ ಹೇಳಿಕೊಂಡಿದ್ದಾನೆ. ಲ್ಯಾಟಿನ್ನಿನಲ್ಲಿ ಪ್ರಿಪೊಸಿಷನ್ನನ್ನು ವಾಕ್ಯಾಂತ್ಯದಲ್ಲಿ ಒಂಟಿಯಾಗಿ ಬಿಡುವಂತಿಲ್ಲ. ಆದರೆ ಆಂಗ್ಲದಲ್ಲಿ, ನಾರ್ಮನ್ ಪೂರ್ವಕಾಲದಲ್ಲಿಯೇ, ಒಂದು ಬಗೆಯ ಉಪವಾಕ್ಯಗಳಲ್ಲಿ ಅದು ತನ್ನ ನಾಮಪದದಿಂದ ಬೇರ್ಪಟ್ಟು ನಿಲ್ಲುವುದು ವಾಡಿಕೆಯಾಗಿತ್ತು.

1762ರಲ್ಲಿ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಲೌತ್ ಈ ಪ್ರಯೋಗವನ್ನು ನಿಷೇಧಿಸಲಿಲ್ಲ. ಸಲ್ಲಾಪಕ್ಕೂ ಸರಳ ಶೈಲಿಗೂ ಅದು ಒಪ್ಪುವುದೆಂದೂ, ಗಂಭೀರ ಶೈಲಿಗೆ ಇನ್ನೊಂದು ಕ್ರಮ ಮೇಲೆಂದೂ ಅವನ ಮತ. ಅದನ್ನು ಹೇಳುವ ವಾಕ್ಯದಲ್ಲಿಯೇ ಅವನು ಪ್ರಿಪೊಸಿಷನ್ನನ್ನು ಕೊನೆಗೆ ಇಟ್ಟಿದ್ದಾನೆ. 1795ರಲ್ಲಿ ಲಿಂಡ್ಲಿ ಮರ್ರೆ ತನ್ನ ಶಾಲಾವ್ಯಾಕರಣದಲ್ಲಿ ಆ ವಾಕ್ಯವನ್ನು ಬಳಸಿಕೊಳ್ಳುವಾಗ ಅದರ ಕ್ರಮವನ್ನು ತಿದ್ದಿಬಿಟ್ಟನು. ಒಬ್ಬನ ಅಭಿರುಚಿ ಮತ್ತೊಬ್ಬನ ಸಲಹೆಯಾಗಿ, ಶಾಲೆಗಳಲ್ಲಿ ಶಾಸನವಾಗಿ ಪರಿಣಮಿಸಿದ ಬಗೆಯಿದು. 1926ರಲ್ಲಿ ಫೌಲರ್ ಇದನ್ನು ಮೂಢನಂಬಿಕೆಯೆಂದು ಕರೆದನು.

ಇತ್ತ ಕ್ರಿಯಾಪದ ಮತ್ತು ಕ್ರಿಯಾವಿಶೇಷಣಗಳ ಕೂಟಕ್ಕೆ ಪಂಡಿತರ ಗಮನ ದೊರೆತುದು ತಡವಾಗಿ. ಪರದೇಶೀಯರಿಗೆ ಅತ್ಯಂತ ಕಷ್ಟವಾಗುವುದು ಇದೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ ಗುರುತಿಸಿ, ಅಂತಹ ಪ್ರಯೋಗಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದನು. ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದುದಾದರೋ ಲೋಗನ್ ಪಿಯರ್ಸಾಲ್ ಸ್ಮಿತ್ 1925ರಲ್ಲಿ ಪ್ರಕಟಿಸಿದ ಗ್ರಂಥದಿಂದ.

ಈ ವಿಚಾರ ನಮಗೂ ಸಂಬಂಧಿಸಿದುದು. 1835ರ ಸರ್ಕಾರಿ ನಿರ್ಣಯದ ತರುವಾಯ ಭಾರತದಲ್ಲಿ ಹರಡಿದ ಆಂಗ್ಲಶಿಕ್ಷಣ ಹೆಚ್ಚಾಗಿ ಗ್ರಂಥಮೂಲವಾದುದು. ಮನೆಮಾತಿನಲ್ಲಿ ಸಹಜವಾಗಿ ಸಿಕ್ಕುವ ನಿಯಮ ನಮ್ಮ ವಿದ್ಯಾರ್ಥಿಗೆ ಕಷ್ಟ. ಗ್ರಂಥದಲ್ಲಿ ಬರೆದಿಟ್ಟ ನಿಷೇಧ ಸುಲಭ. ಆದುದರಿಂದ ‘ಪುಟ್ ಆಫ್ ಇಟ್’ ಎಂದು ಬರೆದವನನ್ನು ತಿದ್ದುವುದು ನ್ಯಾಯ. ‘ವಿತ್’ ಎಂಬುದರಿಂದ ವಾಕ್ಯವನ್ನು ಮುಗಿಸಿದವನ ಅಂಕಗಳನ್ನು ಕಳೆಯುವುದು ನ್ಯಾಯವಲ್ಲ. ಮೊದಲನೆಯದು ಭಾಷೆ ತಾನಾಗಿ ಕಂಡುಕೊಂಡ ಕಟ್ಟು. ಎರಡನೆಯದು ಪರಭಾಷೆಯ ಅಳತೆಗೋಲಿನಿಂದ ಹುಟ್ಟಿದ ಮತ. ಶಾಸನವೊಂದು ಕೈಗೆ ಬಂದಾಗ ಅದರ ಕಾಲವೇನು, ಬರೆಯಿಸಿದವರಾರು, ಉದ್ದೇಶವೇನು ಎಂದು ಕೇಳುವುದು ಇತಿಹಾಸಕಾರನ ಪದ್ಧತಿ. ವ್ಯಾಕರಣದ ವಿಧಿಗಳನ್ನೂ ಹೀಗೆಯೇ ಪ್ರಶ್ನಿಸುವುದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಮಾನವಾಗಿ ಹಿತಕರವೆಂದು ನಾವು ಭಾವಿಸುತ್ತೇವೆ.