ಚಿನ್ನದ ಗಣಿಯಲ್ಲಿ ಬುದ್ಧನನ್ನು ಓದಿದವರು

ಅಧ್ಯಾತ್ಮ ಅಂದರೆ ಹೊಟ್ಟೆ ತುಂಬಿದವರ ಕಸುಬು ಅಂತ ನಮ್ಮ ಗೆಳೆಯರಲ್ಲೇ ಅನೇಕರು ತಿಳಿದಿದ್ದಾರೆ. ಅತ್ತ ಮಠದ ಜಗುಲಿಯಲ್ಲಿ ಕೂತವರು, ನಿಮ್ಮ ಜನಕ್ಕೆ ಭಜನೆ ಸಾಕು, ವಿಚಾರ ಯಾತಕ್ಕೆ ಅಂತಾರೆ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಮಾತಾಡುತ್ತಿದ್ದಾರೆ. ಕೇರಿಯವನಿಗೆ ಹಸಿವುಂಟು, ಕೂಲಿಯುಂಟು, ಸಿಟ್ಟುಂಟು. ಒಳಗೊಂದು ಮನಸ್ಸು ಕೂತು ಯೋಚಿಸುತ್ತದೆ ಅನ್ನೋದು ಮಾತ್ರ ಇಲ್ಲ. ಇದು ಸುಳ್ಳು ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಹನ್ನೆರಡನೇ ಶತಮಾನದ ಕಲ್ಯಾಣದ ತನಕ ನಡೆಯಬೇಕಾಗಿಲ್ಲ. ಬೆಂಗಳೂರಿನಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಸಾಕು.

ಕೋಲಾರದ ಚಿನ್ನದ ಗಣಿ ಬಗ್ಗೆ ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದರು. ಭೂಮಿಯೊಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದರು. ಇಳಿದವರು ಯಾರು ಅನ್ನೋದು ಮಾತ್ರ ನಾನು ಓದಿದ ಪಾಠದಲ್ಲಿ ಇರಲಿಲ್ಲ. ಇಳಿದವರಲ್ಲಿ ಬಹಳ ಮಂದಿ ಉತ್ತರ ಆರ್ಕಾಟು, ಸೇಲಂ ಸೀಮೆಗಳಿಂದ ಬಂದ ಪರೆಯರು. ಊರಿನ ಒಡೆಯರ ಹೊಲ ಬಿಟ್ಟು ಬಂದು ಬಿದಿರು ತಟ್ಟಿಯ ಗುಡಿಸಲಲ್ಲಿ ಬಿಡಾರ ಹೂಡಿದವರು. ಹಗಲು ರಾತ್ರಿ ಅನ್ನದೆ ಪಾಳಿಯ ಮೇಲೆ ಕತ್ತಲಿಗೆ ಇಳಿದು, ಕಲ್ಲು ಸಿಡಿಸಿ, ದೂಳು ನುಂಗಿ ಮೇಲೆ ಬಂದವರು. ಈ ಜನ 1907ರಲ್ಲಿ ಮಾರಿಕುಪ್ಪಂನಲ್ಲಿ ಶಾಕ್ಯ ಬೌದ್ಧ ಸಂಘದ ಶಾಖೆ ಕಟ್ಟಿದರು. ಅಂಬೇಡ್ಕರ್ ಆಗಿನ್ನೂ ಮುಂಬಯಿಯಲ್ಲಿ ಮೆಟ್ರಿಕ್ ಪಾಸು ಮಾಡುತ್ತಿದ್ದ ಹುಡುಗ. ನಾಗಪುರದ ದೀಕ್ಷೆಗೆ ಇನ್ನೂ 49 ವರ್ಷ ಬಾಕಿ.

ಆ ಸಂಘದ ಮೂಲ ಮದರಾಸಿನಲ್ಲಿ. ಅದನ್ನು ಕಟ್ಟಿದವರು ಪಂಡಿತ ಅಯೋತಿದಾಸರು (1845–1914), ಸಿದ್ಧವೈದ್ಯರು, ಪರೆಯ ಕುಲದವರು. ಇವರ ಬದುಕನ್ನು ನಿಧಾನವಾಗಿ ನೋಡಬೇಕು. ಯಾಕಂದರೆ ನಮ್ಮಲ್ಲಿ ಒಬ್ಬ ಮನುಷ್ಯ ತನ್ನನ್ನು ತಾನು ಹುಡುಕೋಕೆ ಹೊರಟರೆ ದಾರಿಯಲ್ಲಿ ಏನೇನು ಅಡ್ಡ ಬರುತ್ತದೆ ಅನ್ನೋದು ಇಲ್ಲಿ ಕಾಣುತ್ತದೆ. ಮೊದಲು ಅವರು ಹಿಡಿದದ್ದು ಅದ್ವೈತವನ್ನು. ನೀಲಗಿರಿಯಲ್ಲಿದ್ದಾಗ ಅದ್ವೈತಾನಂದ ಸಭೆ ಅಂತಲೇ ಒಂದನ್ನು ಕಟ್ಟಿದ್ದರು. ಎಲ್ಲವೂ ಒಂದೇ ಅನ್ನುವ ತತ್ವ ಅಲ್ಲವೇ, ನಮಗೂ ಅದರೊಳಗೆ ಜಾಗ ಇದ್ದೀತು ಅಂತ ನಂಬಿದ್ದಿರಬೇಕು.

1892ರಲ್ಲಿ ಮದ್ರಾಸ್ ಮಹಾಜನ ಸಭೆಯ ಸಮ್ಮೇಳನ ನಡೆಯಿತು. ಅಯೋತಿದಾಸರು ಎದ್ದು ನಿಂತು, ಶಿವನ ಗುಡಿಗೂ ವಿಷ್ಣುವಿನ ಗುಡಿಗೂ ನಮ್ಮ ಜನರನ್ನು ಬಿಡಿ ಅಂತ ಕೇಳಿದರು. ತಂಜಾವೂರಿನ ಶಾಸ್ತ್ರಿಯೊಬ್ಬರು ಎದ್ದು, ಆ ದೇವರುಗಳು ನಿಮ್ಮವಲ್ಲ, ನಿಮಗೆ ನಿಮ್ಮ ಮದುರೈ ವೀರ, ಕಾಟೇರಿ ಇದ್ದಾರಲ್ಲ ಅಂದುಬಿಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಅಲ್ಲಿ ದೇವರ ಹೆಸರಲ್ಲೇ ನಿಜವಾಯಿತು. ಅಯೋತಿದಾಸರು ಸುಮ್ಮನೆ ಕೂರಲಿಲ್ಲ, ಅಳಲೂ ಇಲ್ಲ. ಹಾಗಾದರೆ ನಿಮ್ಮ ದೇವರು ನಮಗೆ ಬೇಡ, ನಮ್ಮ ಮಕ್ಕಳಿಗೆ ನಾಲ್ಕನೇ ತರಗತಿ ತನಕ ಪುಕ್ಕಟೆ ಶಾಲೆ ಕೊಡಿ, ಪಾಳುಬಿದ್ದ ಜಮೀನು ಕೊಡಿ ಅಂತ ಕೇಳಿದರು. ನನಗೆ ಇದು ದೊಡ್ಡ ಆಧ್ಯಾತ್ಮಿಕ ಘಟನೆ ಅನ್ನಿಸುತ್ತದೆ. ದೇವರನ್ನು ಬಿಟ್ಟ ಕೂಡಲೇ ಬಾಯಿಗೆ ಬಂದದ್ದು ಅಕ್ಷರ ಮತ್ತು ಮಣ್ಣು. 1898ರಲ್ಲಿ ಅವರು ಕರ್ನಲ್ ಆಲ್ಕಾಟರ ಜೊತೆ ಕೊಲಂಬೋಗೆ ಹೋಗಿ ಪಂಚಶೀಲ ಪಡೆದು ಬಂದರು.

ಈಗ ಒಂದು ಹೋಲಿಕೆ ಮಾಡಬೇಕು. ಅದೇ ಕಾಲ, ಅದೇ ತಮಿಳು ನೆಲ. ತಿರುವಣ್ಣಾಮಲೈ ಬೆಟ್ಟದಲ್ಲಿ ರಮಣರು ಮೌನವಾಗಿ ಕೂತಿದ್ದರು. 1902ರ ಸುಮಾರಿಗೆ ಭಕ್ತರೊಬ್ಬರು ಹೋಗಿ, ನಾನು ಯಾರು ಅಂತ ಕೇಳಿದರು. ದೇಹ ನಾನಲ್ಲ, ಇಂದ್ರಿಯ ನಾನಲ್ಲ ಅನ್ನುತ್ತಾ ಒಳಗೆ ಇಳಿಯುವ ದಾರಿಯನ್ನು ರಮಣರು ತೋರಿಸಿದರು. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಪರೆಯನಿಗೆ ಈ ಪ್ರಶ್ನೆ ಬೆಟ್ಟದ ಮೇಲೆ ಬರಲಿಲ್ಲ. ಜನಗಣತಿಯ ಗುಮಾಸ್ತ ಬಾಗಿಲಲ್ಲಿ ನಿಂತು ಕೇಳಿದ: ನೀನು ಯಾರು? ಯಾವ ಜಾತಿ? ಯಾವ ಧರ್ಮ? ಉತ್ತರವನ್ನು ಊರು ಮೊದಲೇ ಬರೆದಿಟ್ಟಿತ್ತು. ನಾವು ಹಿಂದೂಗಳಲ್ಲ, ಜಾತಿಭೇದವಿಲ್ಲದ ದ್ರಾವಿಡರು ಅಂತ ಬರೆಸಿ ಎಂದು ಅಯೋತಿದಾಸರು ತಮ್ಮ ಜನಕ್ಕೆ ಹೇಳಿದರು. ದೇಹ ನಾನಲ್ಲ ಅನ್ನೋದು ಸುಲಭ. ಮುಟ್ಟಿದರೆ ಮೈಲಿಗೆ ಅಂತ ಊರೇ ಹೇಳುವ ದೇಹವನ್ನು ಹೊತ್ತವನು ಮೊದಲು ಆ ದೇಹಕ್ಕೆ ಒಂದು ಮರ್ಯಾದೆ ತಂದುಕೊಳ್ಳಬೇಕಲ್ಲ.

ಆ ಮರ್ಯಾದೆಯನ್ನು ಅವರು ಚರಿತ್ರೆಯಲ್ಲಿ ಹುಡುಕಿದರು. 1907ರ ಜೂನ್ 19ರಂದು 'ಒರು ಪೈಸಾ ತಮಿಳನ್' ಅನ್ನುವ ವಾರಪತ್ರಿಕೆ ಶುರು ಮಾಡಿದರು, ಬೆಲೆ ಹೆಸರಲ್ಲೇ ಇದೆ. ಅದರಲ್ಲಿ ವಾರವಾರವೂ ಬರೆದರು: ಇಂದ್ರಿಯ ಗೆದ್ದ ಬುದ್ಧನೇ ಇಂದ್ರ, ಅವನ ನಾಡೇ ಇಂದಿರರ ದೇಶ. ನಾವು ಈ ನಾಡಿನ ಹಳೆಯ ಬೌದ್ಧರು, ವೇಷ ಬ್ರಾಹ್ಮಣರು ಬಂದು ನಮ್ಮನ್ನು ಕೀಳು ಮಾಡಿದರು. ಪರೆಯ ಅನ್ನೋ ಹೆಸರಿಗೂ ಹೇಳುವವನು ಅನ್ನುವ ಅರ್ಥ ತೆಗೆದರು. ಇವರ ಶಬ್ದವ್ಯುತ್ಪತ್ತಿಗಳಲ್ಲಿ ಎಷ್ಟೋ ಭಾಷಾಶಾಸ್ತ್ರದ ಮುಂದೆ ನಿಲ್ಲುವುದಿಲ್ಲ, ಇದನ್ನು ನಾವು ಮುಚ್ಚಿಡಬಾರದು. ಪುರಾಣಕ್ಕೆ ಪುರಾಣವನ್ನೇ ಎದುರು ನಿಲ್ಲಿಸಿದ ಹಾಗೆ ಒಮ್ಮೊಮ್ಮೆ ಕಾಣುತ್ತದೆ. ಆದರೆ ಸಾವಿರ ವರ್ಷ ಒಂದು ಜನಕ್ಕೆ ಹಿಂದಿನದು ಏನೂ ಇಲ್ಲ ಅಂತ ಹೇಳಿದ ಮೇಲೆ, ಇತ್ತು ಅಂತ ಹೇಳುವ ಧೈರ್ಯವೇ ಮೊದಲ ಯೋಚನೆ.

ಒಂದು ಪೈಸೆಯ ಆ ಪತ್ರಿಕೆ ಗಣಿಗೂ ಬಂತು. ಓದು ಬಂದವನು ಓದಬೇಕು, ಬಾರದವರು ಸುತ್ತ ಕೂತು ಕೇಳಬೇಕು. ಓದುಗರು ಪ್ರಶ್ನೆ ಕಳಿಸುತ್ತಿದ್ದರು, ಪಂಡಿತರು ಉತ್ತರ ಬರೆಯುತ್ತಿದ್ದರು. ಪುರೋಹಿತನಿಲ್ಲದೆ ಮದುವೆ ನಡೆದವು, ಸಾವಿನ ಕಾರ್ಯ ನಡೆದವು. ಎಲ್ಲರೂ ಬೌದ್ಧರಾದರು ಅಂತ ಯಾರೂ ತಿಳಿಯಬೇಡಿ. ಮಾರಿಯಮ್ಮ ಇದ್ದಳು, ಚರ್ಚು ಇತ್ತು, ಹೆಂಡದಂಗಡಿಯೂ ಇತ್ತು. ಬೌದ್ಧರು ಸ್ವಲ್ಪ ಮಂದಿಯೇ. ಆದರೆ 1914ರಲ್ಲಿ ಅಯೋತಿದಾಸರು ತೀರಿಕೊಂಡ ಮೇಲೂ ದೀಪ ಆರಲಿಲ್ಲ. ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ 'ತಮಿಳನ್' ಇದೇ ಚಿನ್ನದ ಗಣಿಯಿಂದ ಮತ್ತೆ ಹೊರಟಿತು. ಚಾಂಪಿಯನ್ ರೀಫ್‌ನಲ್ಲಿ ಸಿದ್ಧಾರ್ಥನ ಹೆಸರಿನ ಪ್ರಕಾಶನ ನಿಂತು ಪಂಡಿತರ ಪುಸ್ತಕಗಳನ್ನು ಅಚ್ಚು ಹಾಕಿತು. ಚಿನ್ನ ಲಂಡನ್ನಿಗೆ ಹೋಯಿತು. ಇದು ಇಲ್ಲೇ ಉಳಿಯಿತು.

1930ರಲ್ಲಿ ಕಂಪನಿ, ಕೂಲಿಗಳ ಬೆರಳಚ್ಚು ತೆಗೆದು ಹೆಸರು ದಾಖಲು ಮಾಡುವ ಪದ್ಧತಿ ತಂದಾಗ ಗಣಿಯ ಜನ ದೊಡ್ಡ ಮುಷ್ಕರ ಹೂಡಿದರು. ಬೌದ್ಧ ಸಂಘವೇ ಅದನ್ನು ಮಾಡಿಸಿತು ಅಂತ ನಾನು ಹೇಳುತ್ತಿಲ್ಲ. ಆದರೆ ನೀನು ಯಾರು ಅನ್ನೋದಕ್ಕೆ ನಿನ್ನ ಬೆರಳೇ ಸಾಕು, ಬಾಯಿ ಬೇಡ ಅಂತ ಕಂಪನಿ ಅಂದಾಗ, ಆ ಪ್ರಶ್ನೆಗೆ ಇಪ್ಪತ್ತು ವರ್ಷದಿಂದ ಬಾಯಲ್ಲೇ ಉತ್ತರ ಹುಡುಕುತ್ತಿದ್ದ ಜನ ಆ ಲೈನುಗಳಲ್ಲಿ ಇದ್ದರು ಅನ್ನೋದು ಗೊತ್ತಿರಬೇಕು. ನಮ್ಮಪ್ಪ ಇವತ್ತಿಗೂ ಹೆಬ್ಬೆಟ್ಟೇ. ಅವನ ಹೆಬ್ಬೆಟ್ಟು ಯಾವ ಯಾವ ಕಾಗದದ ಮೇಲೆ ಬಿದ್ದಿದೆ ಅನ್ನೋದು ಅವನಿಗೂ ತಿಳಿಯದು.

ಕನ್ನಡದ ನಾವು ಇದನ್ನು ಯಾಕೆ ಇಷ್ಟು ದಿನ ದೂರ ಇಟ್ಟೆವು? ಅವರು ತಮಿಳಿನಲ್ಲಿ ಯೋಚಿಸಿದರು ಅಂತಲೇ? ಮೈಸೂರು ಸೀಮೆಯ ಮಣ್ಣೊಳಗೆ ಪ್ರಾಣ ಬಿಟ್ಟವರ ಯೋಚನೆ ಮೈಸೂರಿನದಲ್ಲವೇ? ಭಾಷೆಯಲ್ಲೂ ಒಂದು ಕೇರಿ ಮಾಡಿಟ್ಟು ಆಮೇಲೆ ಸಮಾನತೆಯ ಪದ್ಯ ಬರೆಯುತ್ತೇವೆ ನಾವು.

ಮದರಾಸಿನ ಇದೇ ಬೌದ್ಧ ಬಳಗದ ಪ್ರೊಫೆಸರ್ ಲಕ್ಷ್ಮೀನರಸು, ಬೌದ್ಧಧರ್ಮದ ಸಾರದ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಅದೂ ಹೊರಬಂದದ್ದು 1907ರಲ್ಲೇ. 1948ರಲ್ಲಿ ಅದರ ಮೂರನೇ ಮುದ್ರಣಕ್ಕೆ ಮುನ್ನುಡಿ ಬರೆದವರು ಬಾಬಾಸಾಹೇಬರು. ಅಯೋತಿದಾಸರ ಬರಹಗಳು ಜಿ. ಅಲಾಯ್ಸಿಯಸ್ ಅವರ ಸಂಪಾದನೆಯಲ್ಲಿ ದೊಡ್ಡ ಸಂಪುಟಗಳಾಗಿ ಪಾಳಯಂಕೋಟೆಯಿಂದ 1999ರಲ್ಲಿ ಹೊರಬರತೊಡಗಿದವು. ಅದಾಗಿ ಎರಡು ವರ್ಷಕ್ಕೆ, 2001ರ ಫೆಬ್ರವರಿ 28ರಂದು, ಗಣಿಗೆ ಬೀಗ ಬಿತ್ತು. ಚಿನ್ನ ತೆಗೆದು ಉಳಿದ ಸಯನೈಡ್ ಮಣ್ಣಿನ ಗುಡ್ಡಗಳು ಅಲ್ಲೇ ನಿಂತಿವೆ, ಗಾಳಿ ಬಂದಾಗ ಆ ದೂಳು ಲೈನಿನ ಮನೆಗಳ ಮೇಲೆ ಬೀಳುತ್ತದೆ.