ಹೆಬ್ಬೆರಳಿಗೆ ಸಿಗದ ಸ್ವಿಚ್

ಡೆಂಕಣಿಕೋಟೆಯಿಂದ ಹೊಸೂರಿಗೆ ಬರುವ ರಸ್ತೆಯಲ್ಲಿ, ರಾತ್ರಿ ಎಂಟೂವರೆಯ ಸುಮಾರಿಗೆ, ಎದುರಿಗೆ ಬರುತ್ತಿದ್ದ ಮೊಪೆಡ್ಡೊಂದು ನನ್ನ ಕಣ್ಣೆದುರೇ ಟಾರು ಬಿಟ್ಟು ಮಣ್ಣಿಗೆ ಇಳಿಯಿತು. ಅದರ ಎರಡೂ ಪಕ್ಕ ಹಾಲಿನ ಕ್ಯಾನುಗಳಿದ್ದವು. ಪುಣ್ಯಕ್ಕೆ ಬೀಳಲಿಲ್ಲ, ಸವಾರರು ಎರಡೂ ಕಾಲು ಊರಿ ಹೇಗೋ ನಿಲ್ಲಿಸಿಕೊಂಡರು. ನಾನು ಬೈಕ್ ನಿಲ್ಲಿಸಿ ಓಡಿಹೋದೆ. ವಯಸ್ಸಾದವರು. ಆ ಕಡೆಯ ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿರುವವರು ಬಹಳ ಮಂದಿ ಇದ್ದಾರೆ. ನನ್ನ ಹರಕು ತಮಿಳಿನ ಕ್ಷಮಾಪಣೆಗೆ ಅವರು ಕನ್ನಡದಲ್ಲೇ ಉತ್ತರ ಕೊಟ್ಟರು: "ದೀಪ ಇಟ್ಕಂಡಿರೋದು ನಿನ್ಗೆ ದಾರಿ ಕಾಣ್ಲಿ ಅಂತಾನೋ, ನನ್ ಕಣ್ಣು ಹೋಗ್ಲಿ ಅಂತಾನೋ, ಏನವ್ವಾ?"

ಹಿಂದಿನ ವಾರವಷ್ಟೇ ನನ್ನ ಬೈಕಿಗೆ ಎರಡು ಎಕ್ಸ್‌ಟ್ರಾ ಎಲ್‌ಇಡಿ ದೀಪ ಹಾಕಿಸಿದ್ದೆ. ಅವರನ್ನು ಕಂಡಾಗ ಆರಿಸಬೇಕು ಅನ್ನಿಸಲಿಲ್ಲ ಅಂತಲ್ಲ. ಆರಿಸುವ ಸ್ವಿಚ್ಚು ಹೆಡ್‌ಲೈಟಿನ ಕೆಳಗೆ ಒಂದು ಕಬ್ಬಿಣದ ಪಟ್ಟಿಯ ಮೇಲಿತ್ತು. ದೀಪದ ಜೊತೆ ಬಂದ ವೈರು ಅಲ್ಲಿಗೇ ಮುಗಿದಿತ್ತು. ಫಿಟ್ ಮಾಡಿದವನು ಅಲ್ಲೇ ಕೂರಿಸಿದ, ನಾನೂ ಸರಿ ಎಂದೆ. ಓಡುವ ಬೈಕಿನಲ್ಲಿ ಎಡಗೈಯನ್ನು ಹಿಡಿಯಿಂದ ತೆಗೆದು, ಬಗ್ಗಿ, ತಡಕಾಡಬೇಕು. ನಾನು ತಡಕಾಡುತ್ತಿದ್ದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವ ಬೈಕು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಮೂರು ಸೆಕೆಂಡ್ ತಡಕಾಡಿದರೆ 33 ಮೀಟರ್. ಎದುರಿನವರೂ ಅದೇ ವೇಗದಲ್ಲಿ ಬರುತ್ತಿದ್ದರೆ ಅದರ ಎರಡರಷ್ಟು.

ಹಾಗಾಗಿ ಸ್ವಿಚ್ ಬದಲಿಸಲು ಸೌಕಾರ್‌ಪೇಟೆಗೆ ಹೋದೆ. ಬೈಕಿನ ಬಿಡಿಭಾಗಕ್ಕೆ ಚೆನ್ನೈಯವರು ಹೋಗುವುದು ಪುದುಪ್ಪೇಟೆಗೆ, ಎಲೆಕ್ಟ್ರಾನಿಕ್ಸಿಗೆ ರಿಚಿ ಸ್ಟ್ರೀಟಿಗೆ. ಆದರೆ ಬೈಕಿನ ಹೆಚ್ಚುವರಿ ಸಾಮಾನುಗಳನ್ನು ಡಜನ್ ಲೆಕ್ಕದಲ್ಲಿ ಮಾರುವ ಸಗಟು ವ್ಯಾಪಾರಿಯೊಬ್ಬರು ನನ್ನ ಗ್ರಾಹಕರು. ಅವರ ಪೆಟ್ಟಿಗೆಗಳಲ್ಲಿ ಮಡಚಿಟ್ಟಿರುವ ಸೂಚನಾ ಚೀಟಿಗಳನ್ನು ಕನ್ನಡಕ್ಕೆ ಮಾಡಿಕೊಡುವುದು ನನ್ನ ಕೆಲಸ. ಅವರ ಅಂಗಡಿ ಮಿಂಟ್ ಸ್ಟ್ರೀಟಿಗೆ ಸೇರುವ ಒಂದು ಗಲ್ಲಿಯಲ್ಲಿದೆ. ಕಂಪನಿ ಸರ್ಕಾರದ ಟಂಕಸಾಲೆಯಿಂದ ಆ ಬೀದಿಗೆ ಆ ಹೆಸರು.

ಸೌಕಾರ್‌ಪೇಟೆ ಎಂದರೆ ಕನ್ನಡದವರಿಗೆ ಅರ್ಥ ಹೇಳಬೇಕಾಗಿಲ್ಲ. ನಮ್ಮ ಸಾವ್ಕಾರರೇ, ನಮ್ಮ ಪೇಟೆಯೇ. ಸಂಸ್ಕೃತದ ಸಾಧುವಿನಿಂದ ಸಾಹು, ಸಾಹುವಿನಿಂದ ಸಾಹುಕಾರ. (ಊರಿನ ಸಾವ್ಕಾರರಿಂದ ಬಡ್ಡಿಗೆ ತಂದವರಿಗೆ ಈ ಸಾಧುತ್ವ ತಮಾಷೆಯಾಗಿ ಕಾಣಬಹುದು.) ಬ್ರಿಟಿಷರು 'ಬ್ಲ್ಯಾಕ್ ಟೌನ್' ಎಂದು ಕರೆದು, ಆಮೇಲೆ ಐದನೇ ಜಾರ್ಜ್ ದೊರೆಯ ಹೆಸರಿನಲ್ಲಿ ಜಾರ್ಜ್ ಟೌನ್ ಮಾಡಿದ ಹಳೇ ಮದ್ರಾಸಿನ ಈ ಭಾಗದಲ್ಲಿ ಗುಜರಾತಿ, ಮಾರವಾಡಿ ವ್ಯಾಪಾರಿಗಳು ತಲೆಮಾರುಗಳಿಂದ ಇದ್ದಾರೆ. ಅಂಗಡಿಯೊಳಗೆ ಒಂದೇ ವಾಕ್ಯದಲ್ಲಿ ಮಾರವಾಡಿ, ಹಿಂದಿ, ತಮಿಳು ಮೂರೂ ಬರುತ್ತವೆ.

ಸೇಠ್‌ಜೀ ನನ್ನನ್ನು ಕಂಡವರೇ ನಗತೊಡಗಿದರು. "ಬೇಟಾ, ಹುಬ್ಬಳ್ಳಿಯಿಂದ ಫೋನ್ ಬಂದಿತ್ತು. ನಿನ್ನ ಕನ್ನಡ ಓದಿ ಲೈಟ್ ಹತ್ತುತ್ತಿಲ್ಲವಂತೆ."

ತಪ್ಪು ನನ್ನದೇ. ಮೂಲ ಇಂಗ್ಲಿಷಿನಲ್ಲಿ ಸ್ವಿಚ್ಚನ್ನು 'ಮುಚ್ಚಿದರೆ' ದೀಪ ಹತ್ತುತ್ತದೆ ಎಂಬರ್ಥದ ಸಾಲಿತ್ತು. ವಿದ್ಯುತ್ತಿನ ಶಾಸ್ತ್ರದಲ್ಲಿ ಅದು ಸರಿ. ಸರ್ಕ್ಯೂಟು ತೆರೆದಿದ್ದರೆ ಕರೆಂಟ್ ಹರಿಯದು, ಮುಚ್ಚಿದರೆ ಹರಿಯುತ್ತದೆ. ಅವಸರದಲ್ಲಿ ನಾನು 'ಸ್ವಿಚ್ ಬಂದ್ ಮಾಡಿ' ಎಂದು ಬರೆದಿದ್ದೆ. ಹುಬ್ಬಳ್ಳಿಯಲ್ಲಿ ಲೈಟು ಬಂದ್ ಮಾಡು ಎಂದರೆ ಆರಿಸು ಎಂದೇ ಅರ್ಥ. ಸೌಕಾರ್‌ಪೇಟೆಯ ಹಿಂದಿಯಲ್ಲೂ ಹಾಗೇ. ನಮ್ಮ ಮನಸ್ಸಿನಲ್ಲಿ ಕರೆಂಟು ನಲ್ಲಿಯ ನೀರಿನ ಹಾಗೆ: ತೆರೆದರೆ ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಎಂಜಿನಿಯರಿನ ಮನಸ್ಸಿನಲ್ಲಿ ಅದು ಸೇತುವೆಯ ಹಾಗೆ: ನಡುವೆ ಬಿರುಕಿದ್ದರೆ ದಾಟಲಾಗದು. ಸ್ವಿಚ್ಚಿನ ಮೇಲಿನ ಗುರುತುಗಳೂ ಹೀಗೇ. ನೇರ ಗೆರೆ ಎಂದರೆ ಒಂದು, ಆನ್. ಸುತ್ತು ಎಂದರೆ ಸೊನ್ನೆ, ಆಫ್. ಆದರೆ ಕನ್ನಡದ ಒಂದು (೧) ನೇರ ಗೆರೆಯಲ್ಲ, ಪೂರ್ತಿ ಮುಚ್ಚದ ಸೊನ್ನೆ. ನಮ್ಮಜ್ಜಿಗೆ ಆ ಗುರುತು ತೋರಿಸಿದ್ದರೆ ಏನು ಓದುತ್ತಿದ್ದರೋ. ಅವರು ದೀಪ 'ಆರಿಸು' ಎನ್ನುವುದೇ ಅಶುಭವೆಂದು 'ದೀಪ ದೊಡ್ಡದು ಮಾಡು' ಎನ್ನುತ್ತಿದ್ದವರು. ಡೆಂಕಣಿಕೋಟೆ ರಸ್ತೆಯಲ್ಲಿ ನಾನು ಅದನ್ನು ಅಕ್ಷರಶಃ ಪಾಲಿಸಿದ್ದೆ.

ಆರಿಸುವುದು ಹಿಂದೆಯೂ ಸುಲಭವಾಗಿರಲಿಲ್ಲ. ಮೊದಲ ಮೋಟಾರ್‌ಸೈಕಲ್ಲುಗಳಿಗೆ ಸ್ವಿಚ್ಚೇ ಇರಲಿಲ್ಲ. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿ, ಅದರಿಂದ ಹುಟ್ಟುವ ಅಸಿಟಿಲೀನ್ ಅನಿಲಕ್ಕೆ ಬೆಂಕಿ ಹಚ್ಚುವ ದೀಪಗಳವು. ನೀರಿನ ಕೀಲಿ ತಿರುಗಿಸಿ ನಿಲ್ಲಿಸಿದರೂ ಒದ್ದೆಯಾದ ಕಾರ್ಬೈಡು ಇನ್ನೂ ಸ್ವಲ್ಪ ಹೊತ್ತು ಅನಿಲ ಬಿಡುತ್ತಲೇ ಇರುತ್ತಿತ್ತು. ಎದುರಿಗೆ ಬಂದವರ ಮುಲಾಜಿಗೆ ಮಣಿಯದ ದೀಪ.

ಮನೆಗಳಿಗೆ ವಿದ್ಯುತ್ ಬಂದಾಗ ಸ್ವಿಚ್ಚಿನ ಸಮಸ್ಯೆ ಬೇರೆಯಾಗಿತ್ತು. ಸಂಪರ್ಕವನ್ನು ನಿಧಾನವಾಗಿ ಬಿಡಿಸಿದರೆ ಎರಡು ಲೋಹದ ನಡುವೆ ಕಿಡಿ ಎಳೆದುಕೊಂಡು ಉರಿಯುತ್ತದೆ, ತುದಿಗಳನ್ನು ಸುಡುತ್ತದೆ. 1884ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನ ಜಾನ್ ಹೆನ್ರಿ ಹೋಮ್ಸ್ ಇದಕ್ಕೊಂದು ಉಪಾಯ ಕಂಡುಕೊಂಡರು. ನಮ್ಮ ಬೆರಳು ಎಷ್ಟೇ ನಿಧಾನವಾಗಿ ಒತ್ತಲಿ, ಒಳಗಿನ ಸ್ಪ್ರಿಂಗು ಟಕ್ಕೆಂದು ಸಂಪರ್ಕ ಬಿಡಿಸುತ್ತದೆ. ನಾವು ಕೇಳುವ 'ಟಕ್' ಸದ್ದು ಆ ಸ್ಪ್ರಿಂಗಿನದು. ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ತು ಬಂದದ್ದು 1905ರಲ್ಲಿ. ಅಷ್ಟರಲ್ಲಿ ಈ ಉಪಾಯಕ್ಕೆ ಇಪ್ಪತ್ತು ವರ್ಷ ದಾಟಿತ್ತು.

ಬೈಕಿಗೆ ಡೈನಮೋ, ಬ್ಯಾಟರಿ ಬಂದ ಮೇಲೆ ಸ್ವಿಚ್ಚುಗಳು ಎರಡು ಜಾಗಕ್ಕೆ ಹಂಚಿಹೋದವು. ದೀಪ ಹಾಕುವ ತಿರುಗುಸ್ವಿಚ್ಚು ಸಾಮಾನ್ಯವಾಗಿ ಹೆಡ್‌ಲೈಟಿನ ಡೂಮಿನ ಮೇಲೆ. ಸಂಜೆ ಹೊರಡುವಾಗ ಒಮ್ಮೆ ತಿರುಗಿಸಿದರೆ ಮುಗಿಯಿತು. ಬೆಳಕು ತಗ್ಗಿಸುವ ಸ್ವಿಚ್ಚು ಹ್ಯಾಂಡಲಿನ ಮೇಲೆ, ಹೆಬ್ಬೆರಳಿನ ಕೆಳಗೆ. ಕೂತು ಹಾಕುವುದು ಒಂದು, ಓಡುತ್ತ ಒತ್ತುವುದು ಇನ್ನೊಂದು. ಹಳೆಯ ಬೈಕುಗಳ ಅಂದಚಂದದ ಬಗ್ಗೆ ಎಷ್ಟೋ ಬರೆಯುತ್ತಾರೆ, ನನಗೆ ಅವುಗಳ ದೊಡ್ಡ ವಿವೇಕ ಕಾಣುವುದು ಈ ಹಂಚಿಕೆಯಲ್ಲಿ.

'ಡಿಪ್' ಎಂಬ ಮಾತು ಬಂದದ್ದೂ ನಿಜವಾದ ತಗ್ಗುವಿಕೆಯಿಂದ. 1920ರ ದಶಕದ ಕೆಲವು ಬ್ರಿಟಿಷ್ ಕಾರುಗಳಲ್ಲಿ ಸನ್ನೆಕೋಲು ಎಳೆದರೆ ಇಡೀ ದೀಪವೇ ತಲೆ ತಗ್ಗಿಸುತ್ತಿತ್ತು. ಅದೇ ದಶಕದ ನಡುವಿನಲ್ಲಿ ಜರ್ಮನಿಯಲ್ಲಿ ಒಂದೇ ಬಲ್ಬಿನೊಳಗೆ ಎರಡು ತಂತಿಗಳ ಬೈಲಕ್ಸ್ ದೀಪ ಬಂತು; ತಲೆ ತಗ್ಗಿಸುವ ಕೆಲಸ ತಂತಿ ಬದಲಿಸುವ ಕೆಲಸವಾಯಿತು. ಮಾತು ಮಾತ್ರ ಉಳಿಯಿತು. ನಾವು ಅದಕ್ಕೆ 'ಡಿಮ್' ಸೇರಿಸಿ 'ಡಿಮ್-ಡಿಪ್' ಮಾಡಿಕೊಂಡೆವು, ಲಾರಿಗಳ ಹಿಂದೆ 'ಯೂಸ್ ಡಿಪ್ಪರ್ ಅಟ್ ನೈಟ್' ಎಂದು ಬರೆಸಿದೆವು. ಈಗ 'ಡಿಪ್ಪರ್ ಹೊಡೆದ' ಎಂದರೆ ಬೆಳಕು ತಗ್ಗಿಸಿದ ಎಂದಲ್ಲ, ಮಿನುಗಿಸಿ ದಾರಿ ಬಿಡು ಎಂದ ಎಂದರ್ಥ. ಸೌಜನ್ಯದ ಪದವೊಂದು ಗದರಿಕೆಯಾದ ಕಥೆ.

ಸೌಕಾರ್‌ಪೇಟೆಯಿಂದ ಉತ್ತರಕ್ಕೆ, ಕಡಲ ಪಕ್ಕದ ತಿರುವೊಟ್ಟಿಯೂರಿನಲ್ಲಿ 1955ರಿಂದ ಬುಲೆಟ್ ಬೈಕುಗಳು ತಯಾರಾದವು. ಬುಲೆಟ್ಟಿನ ಮುಂದಲೆಯಲ್ಲಿ ಹೆಡ್‌ಲೈಟಿನ ಎರಡು ಪಕ್ಕ ಎರಡು ಪುಟ್ಟ ದೀಪಗಳಿವೆಯಲ್ಲ, ಹುಲಿಕಣ್ಣು, ಈ ನಾಡಿನಲ್ಲಿ ಬಹಳ ಜನ ಕಂಡ ಮೊದಲ 'ಎಕ್ಸ್‌ಟ್ರಾ ಲೈಟು' ಬಹುಶಃ ಅವೇ. ದಾರಿ ತೋರಿಸುವ ಶಕ್ತಿ ಅವಕ್ಕಿಲ್ಲ. ನಾನಿಲ್ಲಿದ್ದೇನೆ ಎಂದು ಹೇಳಲು ಸಾಕು. ಮೈಸೂರಿನಲ್ಲಿ 1961ರಿಂದ ಜಾವಾ ಬಂತು. ನಮ್ಮ ದೊಡ್ಡಪ್ಪನ ಹತ್ತಿರ ಒಂದಿತ್ತು. ಅದರ ದೀಪ ಎಂಜಿನ್ ನಿಧಾನವಾದರೆ ಕೆಂಪಗಾಗುತ್ತಿತ್ತು. ಆರು ವೋಲ್ಟಿನ ಕಾಲ ಅದು. 36 ವ್ಯಾಟಿನ ಬಲ್ಬಿಗೆ ಆರು ವೋಲ್ಟಿನಲ್ಲಿ 6 ಆಂಪಿಯರ್ ಬೇಕು, ಹನ್ನೆರಡು ವೋಲ್ಟಿನಲ್ಲಿ ಮೂರೇ ಸಾಕು. ಅಷ್ಟೂ ಕರೆಂಟು ತೆಳ್ಳನೆಯ ವೈರು, ತುಕ್ಕು ಹಿಡಿದ ಸ್ವಿಚ್ಚು ದಾಟುವಾಗ ಅರ್ಧ ಬೆಳಕು ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಅಂಥ ಬೈಕಿನವರು ಎದುರಿನವರ ಕಣ್ಣು ಕುಕ್ಕುವ ಪ್ರಶ್ನೆಯೇ ಇರಲಿಲ್ಲ.

2017ರ ಏಪ್ರಿಲ್ 1ರಿಂದ ಒಂದು ಸ್ವಿಚ್ಚು ಇತಿಹಾಸ ಸೇರಿತು. ಅಂದಿನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟು ತಾನೇ ಹತ್ತಬೇಕು, ಆರಿಸುವ ಆಯ್ಕೆ ಸವಾರರಿಗಿಲ್ಲ. ಹಗಲಲ್ಲೂ ಬೈಕು ಕಾಣಲಿ ಎಂಬುದು ಉದ್ದೇಶ. ಒಳ್ಳೆಯದೇ. ಆದರೆ ಅದೇ ವರ್ಷಗಳಲ್ಲಿ ಅಗ್ಗದ ಎಲ್‌ಇಡಿ ದೀಪಗಳು ಪೇಟೆ ತುಂಬಿದವು. ಕಾರ್ಖಾನೆ ಕೊಟ್ಟ ದೀಪದ ಸ್ವಿಚ್ಚು ಹೋಯಿತು, ನಾವೇ ಹಾಕಿಸಿಕೊಂಡ ದೀಪದ ಸ್ವಿಚ್ಚು ಬಂತು. ಮೊದಲನೆಯದರ ಹಿಂದೆ ಹಲವು ದಶಕಗಳ ಯೋಚನೆಯಿತ್ತು. ಎರಡನೆಯದು ವೈರು ಮುಗಿದಲ್ಲಿ ಕೂತಿತು.

ಸೇಠ್‌ಜೀ ಗಾಜಿನ ಮೇಜಿನ ಮೇಲೆ ಐದಾರು ಬಗೆ ಸುರಿದರು. ಕಡ್ಡಿಯಂಥ ಟಾಗಲ್, ನೀಲಿ ಬೆಳಕಿನ ದುಂಡು ಗುಂಡಿ, ಮನೆಯ ಸ್ವಿಚ್ಚಿನಂಥ ರಾಕರ್, ಹ್ಯಾಂಡಲಿಗೆ ಕಚ್ಚಿಸುವ ಡಬ್ಬಿ. ಒಂದರ ಬೆನ್ನಲ್ಲಿ '6 ಆಂಪಿಯರ್, 250 ವೋಲ್ಟ್ ಎಸಿ' ಎಂದಿತ್ತು. ಅದನ್ನು ನೋಡಿ ಧೈರ್ಯ ತಂದುಕೊಳ್ಳಬಾರದು. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ, ಕಿಡಿ ತಾನಾಗಿ ಸಾಯುತ್ತದೆ. ಬೈಕಿನ ಡಿಸಿಯಲ್ಲಿ ಆ ಬಿಡುವಿಲ್ಲ. 12 ವೋಲ್ಟ್ ಡಿಸಿಗೆಂದೇ ಬರೆದ ಅಳತೆ ಬೇಕು. ಆ ನೀಲಿ ಬೆಳಕಿನ ಗುಂಡಿ ಅಂಗಡಿಯಲ್ಲಿ ಚೆಂದ, ರಾತ್ರಿ ರಸ್ತೆಯಲ್ಲಿ ನಮ್ಮದೇ ಕಣ್ಣಿಗೆ ಕಿರಿಕಿರಿ. ಐಪಿ67 ಎಂದಿದ್ದರೆ ದೂಳು ಒಳಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ ಎಂದರ್ಥ. ಚೆನ್ನೈಯ ಉಪ್ಪುಗಾಳಿಗೂ ನಮ್ಮ ಕರಾವಳಿಯ ಮಳೆಗೂ ಇದು ಬೇಕೇ ಬೇಕು. ಒತ್ತಿದಷ್ಟು ಹೊತ್ತು ಮಾತ್ರ ಹತ್ತುವ ಹಾರ್ನ್ ಗುಂಡಿಯಂಥದ್ದು ಇಲ್ಲಿ ಕೆಲಸಕ್ಕೆ ಬಾರದು. ಒತ್ತಿದರೆ ನಿಲ್ಲುವಂಥದ್ದು ಬೇಕು. ದಪ್ಪ ಗ್ಲೌಸ್ ಹಾಕಿಕೊಂಡು ಒತ್ತಿ ನೋಡಿದೆ. ಎರಡು ಬಗೆ ಅಲ್ಲೇ ಸೋತವು.

ಯಾವ ಸ್ವಿಚ್ಚಾದರೂ ದೀಪದ ಪೂರ್ತಿ ಕರೆಂಟನ್ನು ಅದರ ಮೂಲಕ ಹಾಯಿಸಬಾರದು. 55 ವ್ಯಾಟಿನ ಎರಡು ಹ್ಯಾಲೊಜನ್ ದೀಪಗಳಾದರೆ 9 ಆಂಪಿಯರ್ ದಾಟುತ್ತದೆ. ಸಣ್ಣ ಸ್ವಿಚ್ಚು ಕರಗಿಹೋಗಬಹುದು. ನಡುವೆ ರಿಲೇ ಇರಬೇಕು. ಬ್ಯಾಟರಿಯಿಂದ ಫ್ಯೂಸ್ ಮೂಲಕ ರಿಲೇಯ 30ನೇ ಪಿನ್ನಿಗೆ, 87ರಿಂದ ದೀಪಕ್ಕೆ; 85, 86 ರಿಲೇಯೊಳಗಿನ ಸುರುಳಿಯವು. ಸ್ವಿಚ್ಚು ಈ ಸುರುಳಿಯನ್ನಷ್ಟೇ ಎಬ್ಬಿಸುತ್ತದೆ, ಅದಕ್ಕೆ ಆಂಪಿಯರಿನ ಸಣ್ಣ ಚೂರು ಸಾಕು. ಸಾವ್ಕಾರರು ಗಲ್ಲದಲ್ಲಿ ಕೂತು ಬೆರಳೆತ್ತಿದರೆ ಗೋದಾಮಿನಲ್ಲಿ ಮೂಟೆ ಏಳುವ ಹಾಗೆ.

ಆ ಸುರುಳಿಗೆ ಕರೆಂಟು ಎಲ್ಲಿಂದ ಎಂಬುದು ನಾನು ಮೊದಲ ಸಲ ಕೇಳದೇ ಹೋದ ಪ್ರಶ್ನೆ. ಬ್ಯಾಟರಿಯಿಂದ ನೇರ ಕೊಟ್ಟರೆ ಎಕ್ಸ್‌ಟ್ರಾ ದೀಪ ಸ್ವತಂತ್ರ: ಹೈಬೀಮ್ ತಗ್ಗಿಸಿದರೂ ಅದು ಉರಿಯುತ್ತಲೇ ಇರುತ್ತದೆ, ಬೇರೆಯಾಗಿ ಆರಿಸಬೇಕು. ಹೈಬೀಮಿನ ವೈರಿನಿಂದ ಕೊಟ್ಟು ನಡುವೆ ಸ್ವಿಚ್ಚಿಟ್ಟರೆ ಹೈಬೀಮ್ ಇದ್ದಾಗ ಮಾತ್ರ ಅದು ಹತ್ತುತ್ತದೆ, ಹೆಬ್ಬೆರಳು ಡಿಪ್ ಮಾಡಿದೊಡನೆ ಎರಡೂ ಒಟ್ಟಿಗೆ ತಣ್ಣಗಾಗುತ್ತವೆ. ಆಗ ಹೊಸ ಸ್ವಿಚ್ಚು ಹಳೆಯ ಕಾಲದ ಡೂಮಿನ ಮೇಲಿನ ಸ್ವಿಚ್ಚಿನಂತೆ ಹೊರಡುವಾಗ ಒಮ್ಮೆ ಹಾಕುವಂಥದ್ದಾಗುತ್ತದೆ. ಎದುರಿನವರಿಗೆ ಸಂಬಂಧಪಟ್ಟದ್ದೆಲ್ಲ ಕಾರ್ಖಾನೆಯವರೇ ಇಟ್ಟ ಡಿಪ್ ಸ್ವಿಚ್ಚಿನಲ್ಲಿ. ಮಂಜಿನಲ್ಲಿ ಲೋಬೀಮಿನ ಜೊತೆ ಹಳದಿ ದೀಪ ಬೇಕೆನ್ನುವವರು ಇದನ್ನು ಒಪ್ಪುವುದಿಲ್ಲ. ಅವರ ಮಾತೂ ಸರಿ, ಆದರೆ ಆ ದೀಪ ರಸ್ತೆಗೆ ತಗ್ಗಿರಬೇಕು, ಅದರ ಸ್ವಿಚ್ಚು ಎಡ ಹಿಡಿಯ ಪಕ್ಕದಲ್ಲೇ ಇರಬೇಕು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದನ್ನು ಓದಿದಾಗ ನನಗೆ ಆ ಹಾಲಿನವರು ನೆನಪಾದರು. ಅಲ್ಲಿ ಒಂದು ಕಾಲ್ಪನಿಕ ಕಣ್ಣಿದೆ. ದೀಪದಿಂದ 8 ಮೀಟರ್ ಮುಂದೆ, ಅದರ ಬಲ ಅಂಚಿನಿಂದ ಅರ್ಧ ಮೀಟರ್ ಪಕ್ಕಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ. ಆ ಕಣ್ಣನ್ನು ಕುಕ್ಕದಂತೆ ಬೆಳಕು ತಗ್ಗಿರಬೇಕು. ಒಂದೂವರೆ ಮೀಟರ್ ಎಂದರೆ ಹೆಚ್ಚುಕಡಿಮೆ ಸೈಕಲ್ಲಿನ, ಮೊಪೆಡ್ಡಿನ ಸವಾರರ ಕಣ್ಣು. ಕಾನೂನಿನ ಒಣ ಭಾಷೆಯಲ್ಲಿ ಇಷ್ಟು ನಿಖರವಾಗಿ ಇನ್ನೊಬ್ಬರನ್ನು ಕಲ್ಪಿಸಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಿಂದೆ ಹೆಡ್‌ಲೈಟಿನ ಗಾಜಿಗೆ ಕಪ್ಪು ಬಣ್ಣ ಬಳಿಯುತ್ತಿದ್ದದ್ದೂ ಇದೇ ಕಣ್ಣಿಗಾಗಿ. 2024ರ ಜುಲೈಯಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸು ಹಾಕತೊಡಗಿದ್ದೂ.

ಫಿಟ್ಟಿಂಗಿನ ದಿನ ನಾನು ಮೆಕ್ಯಾನಿಕ್ ಅಣ್ಣನ ಪಕ್ಕದಲ್ಲೇ ಕೂತಿದ್ದೆ. 22 ಮಿಲಿಮೀಟರಿನ ಹ್ಯಾಂಡಲಿಗೆ ಕಚ್ಚುವ ಡಬ್ಬಿ, ಎಡಗಡೆ, ಹಾರ್ನ್ ಗುಂಡಿಯಿಂದ ಸ್ವಲ್ಪ ಒಳಗೆ, ತಪ್ಪಿ ಒತ್ತದಷ್ಟು ದೂರ. ವೈರು ತೂರಿಸಲು ಹ್ಯಾಂಡಲಿಗೆ ತೂತು ಕೊರೆಯುತ್ತೇನೆ ಎಂದರು, ಬೇಡವೆಂದೆ. ಕೊಳವೆಯ ಬಲ ಕುಂದುತ್ತದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ವೈರು ಎಳೆಯುತ್ತದೆಯೇ ನೋಡಿದೆವು. ಬಲಕ್ಕೆ ಎಳೆಯುತ್ತಿತ್ತು, ಇನ್ನೂ ಎರಡು ಬೆರಳಷ್ಟು ಸಡಿಲ ಬಿಟ್ಟೆವು. ವೈರು ಡಬ್ಬಿಯೊಳಗೆ ಕೆಳಗಿನಿಂದ ಹೋಗುವಂತೆ ತಿರುಗಿಸಿದೆವು, ಮಳೆನೀರು ಅದರ ಮೇಲೆ ಹರಿದು ಒಳಗಿಳಿಯದಿರಲಿ ಎಂದು. ಕೊನೆಗೆ ನಾನು 8 ಹೆಜ್ಜೆ ಮುಂದೆ ಹೋಗಿ, ಸ್ವಲ್ಪ ಬಲಕ್ಕೆ ಸರಿದು, ಮೊಪೆಡ್ಡಿನ ಮೇಲೆ ಕೂತವರಂತೆ ಮೊಣಕಾಲು ಮಡಿಸಿ ನಿಂತೆ. "ಅಣ್ಣಾ, ಹೈಬೀಮ್." ಕಣ್ಣು ಕತ್ತಲಾಯಿತು. "ಡಿಪ್." ಟಕ್ಕೆಂದಿತು. ಸ್ವಲ್ಪ ಹೊತ್ತಿಗೆ ಅವರ ಮುಖ ಕಾಣಿಸಿತು.

ಸೂಚನಾ ಚೀಟಿಯ ಹೊಸ ಕನ್ನಡವನ್ನು ಮರುದಿನ ಕಳಿಸಿದೆ. 'ಸ್ವಿಚ್ ಬಂದ್ ಮಾಡಿ' ಇದ್ದಲ್ಲಿ 'ಸ್ವಿಚ್ ಹಾಕಿ'. ಕೆಳಗೆ, ಮೂಲದಲ್ಲಿಲ್ಲದ ಒಂದು ಸಾಲು, ಸೇಠ್‌ಜೀಯ ಒಪ್ಪಿಗೆ ಪಡೆದು: 'ರಿಲೇಯ 86ನೇ ಪಿನ್ನಿಗೆ ಸ್ವಿಚ್ಚಿನ ಮೂಲಕ ಕರೆಂಟನ್ನು ಹೈಬೀಮ್ ವೈರಿನಿಂದ ಕೊಡಿ.'