ಬೆಳಕು, ಬಣ್ಣ ಮತ್ತು ರೋಗಿಯ ಕಾಲಪ್ರಜ್ಞೆ

ಬರ್ಗಂಡಿಯ ಮಹಾಮಂತ್ರಿ ನಿಕೊಲಾ ರೋಲಾಂ ತನ್ನ ಪತ್ನಿ ಗಿಗೋನಳೊಂದಿಗೆ 1443ರಲ್ಲಿ ಬೋನ್ ಪಟ್ಟಣದಲ್ಲಿ ಬಡವರಿಗಾಗಿ ಆಸ್ಪತ್ರೆಯೊಂದನ್ನು ಸ್ಥಾಪಿಸಿದನು. ಅದರ ವಿಶಾಲ ಸಭಾಂಗಣದಲ್ಲಿ ಎರಡು ಸಾಲು ಹಾಸಿಗೆಗಳು, ತುದಿಯಲ್ಲಿ ಪ್ರಾರ್ಥನಾಲಯ. ಏಳಲಾರದ ರೋಗಿಯೂ ಮಲಗಿದಲ್ಲಿಂದಲೇ ಆರಾಧನೆಯಲ್ಲಿ ಪಾಲುಗೊಳ್ಳಬಹುದಾಗಿತ್ತು. ಬಲಿಪೀಠಕ್ಕೆಂದು ರೊಖೀರ್ ವಾನ್ ಡೆರ್ ವೇಡನ್ ಅಂತಿಮ ನ್ಯಾಯತೀರ್ಪಿನ ಚಿತ್ರಫಲಕಗಳನ್ನು ರಚಿಸಿದನು. ಸಾಮಾನ್ಯ ದಿನಗಳಲ್ಲಿ ಅವು ಮುಚ್ಚಿರುತ್ತಿದ್ದವು. ಆಗ ಕಾಣುತ್ತಿದ್ದುದು ದಾನಿಗಳ ಭಾವಚಿತ್ರಗಳು ಮತ್ತು ಬೂದುಬಣ್ಣದಲ್ಲಿ ಬರೆದ ಸಂತರು. ಭಾನುವಾರಗಳಲ್ಲಿಯೂ ಹಬ್ಬಗಳಲ್ಲಿಯೂ ಫಲಕಗಳು ತೆರೆದಾಗ ಚಿನ್ನದ ಹಿನ್ನೆಲೆಯೂ ಕ್ರಿಸ್ತನ ಕೆಂಪು ನಿಲುವಂಗಿಯೂ ಬೆಳಗುತ್ತಿದ್ದವು. ಆ ದೃಶ್ಯದಲ್ಲಿ ತೀರ್ಪಿನ ಭಯವೂ ಇತ್ತೆಂಬುದು ನಿಜ. ಆದರೂ ದಿನಗಳ ಲೆಕ್ಕ ತಪ್ಪಿದವನಿಗೆ ಇಂದು ಕರ್ತನ ದಿನವೆಂದು ಸಾರಲು ಆ ಬಣ್ಣಗಳೇ ಸಾಕಾಗಿದ್ದವು.

ನಾಲ್ಕು ಶತಮಾನಗಳ ತರುವಾಯ ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಇದೇ ವಿಷಯವನ್ನು ದೇಹದ ಕಡೆಯಿಂದ ವಿವೇಚಿಸಿದರು. ಶುದ್ಧ ಗಾಳಿಯ ನಂತರ ರೋಗಿಗೆ ಅತ್ಯಗತ್ಯವಾದುದು ಬೆಳಕು; ಬಣ್ಣವು ಮನಸ್ಸಿನ ಮೇಲಷ್ಟೇ ಅಲ್ಲದೆ ಶರೀರದ ಮೇಲೂ ಪರಿಣಾಮ ಬೀರುತ್ತದೆ ಎಂಬುದು ಅವರ ವಾದ.

1952ರ ಪೋಲಿಯೊ ಪಿಡುಗಿನ ಅನುಭವದಿಂದ, ಮರುವರ್ಷ ಕೋಪನ್‌ಹೇಗನ್ನಿನಲ್ಲಿ ಬ್ಯೋರ್ನ್ ಇಬ್ಸೆನ್ ತೀವ್ರ ನಿಗಾ ಘಟಕವನ್ನು ಆರಂಭಿಸಿದರು. ಉಸಿರನ್ನೇ ಕಾಯುವ ಈ ವ್ಯವಸ್ಥೆ ಅಸಂಖ್ಯ ಜೀವಗಳನ್ನು ಉಳಿಸಿತು. ಆದರೆ ಅಹೋರಾತ್ರಿ ಉರಿಯುವ ದೀಪಗಳ ಕೆಳಗೆ, ಎಷ್ಟೋ ಕಡೆ ಕಿಟಕಿಯೂ ಇಲ್ಲದ ಕೋಣೆಗಳಲ್ಲಿ, ಹಗಲಿರುಳುಗಳ ಭೇದ ಅಳಿಸಿಹೋಯಿತು. ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು ಹೋಲಿಸಿ ವಿಲ್ಸನ್ ಎಂಬ ಅಮೆರಿಕನ್ ವೈದ್ಯರು 1972ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಿಟಕಿಯಿಲ್ಲದ ಘಟಕದಲ್ಲಿ ಸನ್ನಿಯ ಪ್ರಮಾಣ ಎರಡು ಪಟ್ಟಿಗೂ ಹೆಚ್ಚಾಗಿತ್ತು.

ಹಾಗೆಂದು ಬೆಳಕನ್ನೇ ಔಷಧವೆನ್ನಲಾಗದು. ಹಗಲಿನ ಗತಿಯನ್ನನುಸರಿಸಿ ಬದಲಾಗುವ ಕೃತಕ ದೀಪಗಳನ್ನು ನೆದರ್ಲೆಂಡ್ಸ್‌ನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಪರೀಕ್ಷಿಸಲಾಯಿತು; ಅವುಗಳಿಂದ ಸನ್ನಿ ಕಡಿಮೆಯಾಗಲಿಲ್ಲವೆಂದು 2016ರಲ್ಲಿ ವರದಿಯಾಯಿತು. ದೀಪವು ಹಗಲನ್ನು ಅನುಕರಿಸಬಲ್ಲದು. ಆ ಹಗಲಿನಲ್ಲಿ ರೋಗಿಗೊಂದು ಸ್ಥಾನವನ್ನು ಕೊಡಲಾರದು.

ಬೋನಿನಲ್ಲಿ ಬಣ್ಣ ಮಾತಾಡಿದ್ದು ಅದರ ಹಿಂದೆ ಆರಾಧಿಸುವ ಸಮುದಾಯವಿದ್ದುದರಿಂದ. ಸೃಷ್ಟಿಯ ವೃತ್ತಾಂತದಲ್ಲಿ ಮನುಷ್ಯನಿಗಿಂತ ಮುಂಚೆಯೇ ಸಾಯಂಕಾಲ ಪ್ರಾತಃಕಾಲಗಳು ಉಂಟಾದವು. ಅವನು ಬದುಕುವುದು ಆ ಲಯದೊಳಗೆ. ಅದನ್ನು ಕಳೆದುಕೊಂಡವನು ವೇಳೆಯನ್ನು ಮಾತ್ರವಲ್ಲ, ಸಭೆಯೊಡನೆ ತಾನು ಹಂಚಿಕೊಂಡ ಕಾಲವನ್ನೂ ಕಳೆದುಕೊಂಡಿರುತ್ತಾನೆ. ಆದಕಾರಣ ನಿಗಾ ಘಟಕವನ್ನು ಸಂದರ್ಶಿಸುವ ಸಭಾಪಾಲಕನು ತನ್ನ ಮುಖ ಕಾಣುವಂತೆ ಬೆಳಕಿನಲ್ಲಿ ನಿಂತು, ರೋಗಿಯನ್ನು ಹೆಸರು ಹಿಡಿದು ಕರೆದು, ಇದು ಯಾವ ದಿನ, ಬೆಳಗೋ ಸಂಜೆಯೋ, ಸಭೆ ಈಗ ಯಾವ ಹಬ್ಬವನ್ನು ಎದುರುನೋಡುತ್ತಿದೆ ಎಂಬುದನ್ನು ಮೊದಲು ತಿಳಿಸಲಿ. ಪ್ರಾರ್ಥನೆ ಅಲ್ಲಿಂದಲೇ ಆರಂಭವಾಗುತ್ತದೆ.